ಅರಗಿನಿಂದ ಅಂಟಿಸಿದ ರಥ

ಬಿಡಿಭಾಗಗಳನ್ನು ಕೂಡಿಸಿದಾಗ ಹುಟ್ಟುವ ಇಡಿಯಾದ ವಸ್ತು ಆ ಭಾಗಗಳಿಗಿಂತ ಬೇರೆಯಾದದ್ದೋ, ಅಥವಾ ಭಾಗಗಳ ಗುಂಪಿಗೆ ವ್ಯವಹಾರದ ಅನುಕೂಲಕ್ಕಾಗಿ ಇಟ್ಟ ಹೆಸರೋ ಎಂಬ ಪ್ರಶ್ನೆ ಭಾರತೀಯ ತತ್ತ್ವಶಾಸ್ತ್ರದ ಅತ್ಯಂತ ಹಳೆಯ ಪ್ರಶ್ನೆಗಳಲ್ಲಿ ಒಂದು. ಒಂದು ವಸ್ತುವಿನ ಹೋಲಿಕೆಯನ್ನು ಕಂಡು ‘ಇದು ಅದೇ’ ಎಂದಾಗ ಉಂಟಾಗುವ ಜ್ಞಾನ ನಿಜವೋ ಭ್ರಮೆಯೋ ಎಂಬುದು ಅಷ್ಟೇ ಹಳೆಯದಲ್ಲದಿದ್ದರೂ ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆ. ಈ ಎರಡೂ ಪ್ರಶ್ನೆಗಳು ಒಂದೇ ಕಡೆ ಸಂಧಿಸುವ ಸಾಮಗ್ರಿ ವಿರಳ. ರೇಸ್ ಕಾರಿನ ಮಾದರಿ ಕಿಟ್, ಎಂದರೆ ನಿಜವಾದ ವಾಹನವನ್ನು ನಿಶ್ಚಿತ ಅನುಪಾತದಲ್ಲಿ ಕುಗ್ಗಿಸಿ, ನೂರಾರು ಪ್ಲಾಸ್ಟಿಕ್ ಭಾಗಗಳಾಗಿ ಬಿಡಿಸಿ, ಕೊಂಡವರು ತಾವೇ ಕೂಡಿಸಿ ಬಣ್ಣ ಬಳಿಯಬೇಕಾದ ಪೆಟ್ಟಿಗೆ, ಅಂಥ ವಿರಳ ಸಾಮಗ್ರಿಗಳಲ್ಲಿ ಒಂದು. ಅದನ್ನು ಬಿಡುವಿನ ವೇಳೆಯ ಹವ್ಯಾಸವೆಂದು ಬದಿಗಿಡುವುದು ಸುಲಭ. ಆದರೆ ಮಣ್ಣಿನ ಗಡಿಗೆಯನ್ನೂ ನೂಲಿನ ಬಟ್ಟೆಯನ್ನೂ ಎದುರಿಗಿಟ್ಟುಕೊಂಡು ಕಾರಣತತ್ತ್ವವನ್ನು ವಿಚಾರ ಮಾಡಿದ ಪರಂಪರೆಗೆ ಈ ಪೆಟ್ಟಿಗೆ ಅಯೋಗ್ಯ ಉದಾಹರಣೆ ಎನಿಸುವ ಕಾರಣವಿಲ್ಲ.

ಚರ್ಚೆಗೆ ಒಂದು ನಿರ್ದಿಷ್ಟ ವಸ್ತುವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಜಪಾನಿನ ನಿಸ್ಸಾನ್ ಕಂಪನಿ 1989ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ತಂದ ಸ್ಕೈಲೈನ್ ಜಿಟಿ-ಆರ್, ಅದರಲ್ಲಿಯೂ ಆರ್32 ಎಂಬ ಸಂಕೇತದ ಪೀಳಿಗೆ, ಟೂರಿಂಗ್ ಕಾರ್ ರೇಸಿನ ಇತಿಹಾಸದಲ್ಲಿ ಅಸಾಧಾರಣ ಸ್ಥಾನ ಪಡೆದಿದೆ. ಟೂರಿಂಗ್ ಕಾರ್ ಎಂದರೆ ರೇಸಿಗೆಂದೇ ಮೊದಲಿನಿಂದ ರೂಪಿಸಿದ ಒಂಟಿ ಆಸನದ ವಾಹನವಲ್ಲ. ಸಾಮಾನ್ಯ ಜನ ಅಂಗಡಿಯಲ್ಲಿ ಕೊಳ್ಳುವ ಕಾರನ್ನೇ ಆಧಾರವಾಗಿಟ್ಟುಕೊಂಡು, ನಿಯಮಗಳು ಒಪ್ಪುವಷ್ಟು ಮಾತ್ರ ಬದಲಿಸಿ, ಸ್ಪರ್ಧೆಗೆ ಸಜ್ಜುಗೊಳಿಸಿದ ಕಾರು. ಗ್ರೂಪ್ ಎ ಎಂಬ ವರ್ಗದ ನಿಯಮಗಳಡಿ ನಡೆದ ಜಪಾನಿನ ರಾಷ್ಟ್ರೀಯ ಸರಣಿಯಲ್ಲಿ 1990ರಿಂದ 1993ರವರೆಗೆ ನಡೆದ 29 ರೇಸುಗಳಲ್ಲಿ 29ನ್ನೂ ಈ ಕಾರೇ ಗೆದ್ದಿತು. ಅವುಗಳಲ್ಲಿ ಹೆಚ್ಚು ಜನರ ನೆನಪಿನಲ್ಲಿ ಉಳಿದದ್ದು ಕಝುಯೋಶಿ ಹೋಶಿನೊ ಮತ್ತು ತೋಶಿಯೊ ಸುಝುಕಿ ಓಡಿಸಿದ, ಕ್ಯಾಲ್ಸೋನಿಕ್ ಕಂಪನಿಯ ಹೆಸರು ಹೊತ್ತ, ಕಡುನೀಲಿ ಬಣ್ಣದ ಕಾರು. ಶಿಝುವೊಕಾ ನಗರದ ತಾಮಿಯಾ ಕಂಪನಿ ಅದನ್ನು 1/24ರ ಪ್ರಮಾಣದಲ್ಲಿ ಕಿಟ್ ಆಗಿ ಹೊರತಂದಿತು.

ಅಂಥ ಪೆಟ್ಟಿಗೆಯನ್ನು ತೆರೆದಾಗ ಮೊದಲು ಕಾಣುವುದು ಕಾರಲ್ಲ, ಚೌಕಟ್ಟುಗಳು. ಕಾಯಿಸಿ ಕರಗಿಸಿದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿದಾಗ, ಅದು ಹರಿದುಹೋದ ಕಾಲುವೆಗಳೂ ಭಾಗಗಳ ಜೊತೆಯಲ್ಲಿಯೇ ಗಟ್ಟಿಯಾಗಿ, ಎಲೆಗಳನ್ನು ಹೊತ್ತ ಬಳ್ಳಿಯಂತೆ ಒಂದು ಜಾಲವಾಗುತ್ತದೆ. ಈ ಜಾಲಕ್ಕೆ ಸ್ಪ್ರೂ ಎಂದು ಹೆಸರು. ಸ್ಟೀರಿಂಗ್ ಚಕ್ರ, ಆಸನ, ಸ್ಪ್ರಿಂಗು, ಬ್ರೇಕಿನ ತಟ್ಟೆ, ಅಪಘಾತದಲ್ಲಿ ಚಾಲಕನನ್ನು ಕಾಪಾಡಲು ಕಾರಿನೊಳಗೆ ಕಟ್ಟುವ ಕೊಳವೆಗಳ ಪಂಜರ, ಎಲ್ಲವೂ ಆ ಜಾಲದಲ್ಲಿ ಸಂಖ್ಯೆ ಹೊತ್ತು ತೂಗುತ್ತಿರುತ್ತವೆ. ಪೆಟ್ಟಿಗೆಯ ಮೇಲೆ ಕಾರಿನ ಹೆಸರಿದೆ, ಒಳಗೆ ಕಾರಿನ ಭಾಗಗಳೆಲ್ಲ ಇವೆ, ಕಾರು ಮಾತ್ರ ಇಲ್ಲ.

ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಬೌದ್ಧ ಭಿಕ್ಷು ನಾಗಸೇನ ಗ್ರೀಕ್ ಮೂಲದ ರಾಜ ಮಿಲಿಂದನನ್ನು ಕೇಳುವುದು ಇದೇ ಸ್ಥಿತಿಯನ್ನು ಕುರಿತು. ರಥವೇರಿ ಬಂದೆನೆಂದು ಹೇಳಿದ ರಾಜನನ್ನು ಆತ ಒಂದೊಂದಾಗಿ ಕೇಳುತ್ತಾನೆ: ಮೂಕಿಯೇ ರಥವೋ, ಅಚ್ಚೇ ರಥವೋ, ಚಕ್ರಗಳೋ, ನೊಗವೋ, ಲಗಾಮೋ, ಇವೆಲ್ಲ ಕೂಡಿದ ರಾಶಿಯೋ, ಇವೆಲ್ಲವನ್ನೂ ಬಿಟ್ಟು ಬೇರೊಂದೋ. ರಾಜ ಎಲ್ಲಕ್ಕೂ ಅಲ್ಲವೆಂದ ಮೇಲೆ, ರಥವೆಂಬುದು ಬರಿಯ ಶಬ್ದವೆಂದು ಒಪ್ಪಬೇಕಾಗುತ್ತದೆ. ಬೌದ್ಧರು ಇದನ್ನು ಪ್ರಜ್ಞಪ್ತಿ ಎನ್ನುತ್ತಾರೆ; ಎಂದರೆ ಭಾಗಗಳನ್ನು ಆಶ್ರಯಿಸಿ ವ್ಯವಹಾರಕ್ಕಾಗಿ ಹುಟ್ಟಿದ ಹೆಸರು, ಹೆಸರಿಗೆ ಎದುರಾಗಿ ನಿಲ್ಲುವ ಸ್ವತಂತ್ರ ವಸ್ತುವಲ್ಲ. ಈ ಸಂವಾದದ ಗುರಿ ರಥವಲ್ಲ, ‘ನಾನು’ ಎಂಬ ವ್ಯಕ್ತಿ. ಕೂದಲು, ಉಗುರು, ವೇದನೆ, ಸಂಜ್ಞೆ ಮೊದಲಾದವುಗಳ ಆಚೆ ನಾಗಸೇನನೆಂಬ ಒಬ್ಬನಿಲ್ಲ ಎಂಬುದನ್ನು ತೋರಿಸುವುದು ಆತನ ಉದ್ದೇಶ. ಆದ್ದರಿಂದ ಕಾರಿನ ಕಿಟ್ಟಿನ ಬಗ್ಗೆ ಕೇಳುವ ಪ್ರಶ್ನೆ ಕೊನೆಗೆ ಕೇಳುವವನ ಬಗೆಗಿನ ಪ್ರಶ್ನೆಯೂ ಆಗುತ್ತದೆಂಬ ಎಚ್ಚರ ಈ ಚರ್ಚೆಯುದ್ದಕ್ಕೂ ಇರಬೇಕು.

ನ್ಯಾಯದರ್ಶನ ಇದನ್ನು ಒಪ್ಪಲಿಲ್ಲ. ನೈಯಾಯಿಕರ ಪ್ರಕಾರ ಭಾಗಗಳು ಅವಯವಗಳು, ಅವುಗಳಿಂದ ಹುಟ್ಟಿದ ಇಡೀ ವಸ್ತು ಅವಯವಿ. ಅವಯವಿಯು ಅವಯವಗಳಲ್ಲಿ ಸಮವಾಯವೆಂಬ, ಬಿಡಿಸಲಾಗದ ಸಂಬಂಧದಿಂದ ನೆಲೆಸಿದ ಹೊಸ ದ್ರವ್ಯ. ಗೌತಮನ ನ್ಯಾಯಸೂತ್ರ ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು ಅತ್ಯಂತ ಸರಳ, ಕೈಯಿಂದ ಪರೀಕ್ಷಿಸಬಹುದಾದದ್ದು: ವಸ್ತುವಿನ ಒಂದು ತುದಿಯನ್ನು ಹಿಡಿದರೆ ಇಡೀ ವಸ್ತು ಹಿಡಿತಕ್ಕೆ ಬರುತ್ತದೆ, ಒಂದು ತುದಿಯನ್ನು ಎಳೆದರೆ ಇಡೀ ವಸ್ತು ಎಳೆಯಲ್ಪಡುತ್ತದೆ; ಬರಿಯ ಕಣಗಳ ರಾಶಿಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಈ ಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಸ್ವಪಕ್ಷದ ವಾದವನ್ನೇ ಮೆಚ್ಚುವಂಥ ಪ್ರಾಮಾಣಿಕತೆಯಿಂದ ಒರೆಗೆ ಹಚ್ಚುತ್ತಾನೆ. ಹುಲ್ಲು, ಕಲ್ಲು, ಕಟ್ಟಿಗೆಗಳನ್ನು ಅರಗಿನಿಂದ ಅಂಟಿಸಿದರೆ ಅವೂ ಒಟ್ಟಾಗಿ ಎಳೆಯಲ್ಪಡುತ್ತವೆ. ಹಾಗೆಂದು ಅಲ್ಲಿ ಹೊಸ ದ್ರವ್ಯವೇನೂ ಹುಟ್ಟಿಲ್ಲ. ಹಿಡಿದಾಗ ಒಟ್ಟಾಗಿ ಬರುವುದಕ್ಕೆ ಕಾರಣ ಅಂಟಿನ ಸ್ನಿಗ್ಧತೆಯೇ ಹೊರತು ಅವಯವಿಯಲ್ಲ ಎಂದು ಆತ ಒಪ್ಪಿ, ಅವಯವಿಯನ್ನು ಸಾಧಿಸಲು ‘ಇದೊಂದು ವಸ್ತು’ ಎಂಬ ಏಕತ್ವದ ಪ್ರತೀತಿಯ ಕಡೆಗೆ ವಾದವನ್ನು ತಿರುಗಿಸುತ್ತಾನೆ.

ಅರಗಿನ ಈ ಉದಾಹರಣೆಗೆ ಕಿಟ್ ಕಟ್ಟುವವರ ಮೇಜಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಸ್ಪ್ರೂವಿನ ಒಂದು ಮೂಲೆಯನ್ನು ಹಿಡಿದೆತ್ತಿದರೆ ಮೂವತ್ತು ನಲವತ್ತು ಭಾಗಗಳು ಒಟ್ಟಿಗೆ ಮೇಲೆ ಬರುತ್ತವೆ. ಎಳೆತದ ಪರೀಕ್ಷೆಯಂತೆ ಸ್ಪ್ರೂ ಅವಯವಿಯೇ ಆಗಬೇಕು, ಆದರೆ ಅದು ಯಾವುದರ ಅವಯವಿ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಅಲ್ಲಿ ಆಸನದ ಪಕ್ಕದಲ್ಲಿ ಆಕ್ಸಲ್ ಇರುವುದು ಅಚ್ಚಿನಲ್ಲಿ ಜಾಗ ಉಳಿಸುವ ಲೆಕ್ಕದಿಂದಲೇ ಹೊರತು ಕಾರಿನ ಲೆಕ್ಕದಿಂದಲ್ಲ. ಇನ್ನು ಅಂಟುಗಳನ್ನು ನೋಡಿದರೆ, ಪ್ಲಾಸ್ಟಿಕ್ ಸಿಮೆಂಟು ಎಂಬುದು ಹೆಸರಿಗಷ್ಟೇ ಅಂಟು. ಅದು ಪಾಲಿಸ್ಟೈರೀನನ್ನು ಕರಗಿಸುವ ದ್ರವ, ಎರಡು ಭಾಗಗಳ ಅಂಚುಗಳನ್ನು ಮೆತ್ತಗೆ ಮಾಡಿ ಒಂದರೊಳಗೊಂದು ಬೆರೆಸಿ ತಾನು ಆವಿಯಾಗಿ ಹೋಗುತ್ತದೆ. ನ್ಯಾಯಶಾಸ್ತ್ರದ ಸಂಯೋಗಕ್ಕೆ, ಎಂದರೆ ಬೇರೆಬೇರೆಯಾಗಿಯೇ ಉಳಿದು ತಾಗಿಕೊಂಡಿರುವ ಎರಡು ದ್ರವ್ಯಗಳ ಸಂಬಂಧಕ್ಕೆ, ಇದು ಸುಲಭವಾಗಿ ಒಗ್ಗುವುದಿಲ್ಲ, ಏಕೆಂದರೆ ಬೆಸುಗೆಯ ಜಾಗದಲ್ಲಿ ತಾಗಿಕೊಂಡಿರಲು ಎರಡು ಅಂಚುಗಳೇ ಉಳಿದಿರುವುದಿಲ್ಲ. ಕಿಟಕಿಯ ಪಾರದರ್ಶಕ ಭಾಗಗಳಿಗೆ ಮಾತ್ರ ಈ ದ್ರವವನ್ನು ಬಳಸಲು ಹಿಂಜರಿಯುತ್ತಾರೆ, ಒಂದು ಹನಿ ಜಾರಿದರೂ ಗಾಜು ಕೆಡುತ್ತದೆ. ಅಲ್ಲಿ ಬಡಗಿಗಳು ಬಳಸುವಂಥ ಬಿಳಿಯ ಅಂಟು ಸಾಕು, ಅದು ಅಪ್ಪಟ ಅರಗಿನ ಜಾತಿಯದು, ಬೇಕೆಂದಾಗ ಬಿಡಿಸಬಹುದಾದದ್ದು. ಹೀಗೆ ಒಂದೇ ಮಾದರಿಯಲ್ಲಿ ಕೆಲವು ಸಂದುಗಳು ಕರಗಿ ಒಂದಾದವು, ಕೆಲವು ಅಂಟಿ ನಿಂತವು. ಆದರೂ ಕರಗಿ ಕೂಡಿದ ಭಾಗ ಹೆಚ್ಚು ‘ಕಾರು’, ಅಂಟಿ ನಿಂತ ಕಿಟಕಿ ಕಡಿಮೆ ‘ಕಾರು’ ಎಂದು ಯಾರಿಗೂ ತೋರುವುದಿಲ್ಲ. ಕೂಡುವಿಕೆಯ ಬಗೆ ಅವಯವಿಯನ್ನು ನಿರ್ಧರಿಸುವುದಿಲ್ಲವೆಂದು ವಾತ್ಸ್ಯಾಯನ ಶಂಕಿಸಿದ್ದು ಇಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ಅವಯವಿ ಎಲ್ಲಿ ತೋರುತ್ತದೆ? ಕಟ್ಟುವವರ ಅಭ್ಯಾಸವೊಂದು ಇದಕ್ಕೆ ಉತ್ತರದ ದಾರಿ ತೋರಿಸುತ್ತದೆ. ಅನುಭವಿಗಳು ಯಾವ ಭಾಗಕ್ಕೂ ನೇರವಾಗಿ ಅಂಟು ಹಚ್ಚುವುದಿಲ್ಲ. ಮೊದಲು ಅಂಟಿಲ್ಲದೆಯೇ ಜೋಡಿಸಿ ನೋಡುತ್ತಾರೆ. ಪಂಜರವನ್ನು ಚಾಸಿಯ ಮೇಲಿಟ್ಟು, ಮೇಲಿನಿಂದ ಬಾಡಿಯನ್ನು ಇಳಿಸಿದಾಗ, ಕೂದಲೆಳೆಯಷ್ಟು ಎತ್ತರ ಹೆಚ್ಚಾಗಿದ್ದರೂ ಬಾಡಿ ಕೂರುವುದಿಲ್ಲ. ಆಗ ಸಂದುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸ್ಪ್ರೂವಿನಿಂದ ಕತ್ತರಿಸಿದಾಗ ಉಳಿದ ಮೊನೆಯೊಂದನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತೆಗೆಯಬೇಕಾಗುತ್ತದೆ. ಅಂಟಿಲ್ಲ, ಬಣ್ಣವಿಲ್ಲ, ಕಾರಿನ ಹೆಸರನ್ನು ಹೇಳುವ ಯಾವ ಗುರುತೂ ಇಲ್ಲದ ಆ ಹಂತದಲ್ಲಿ ಭಾಗಗಳನ್ನು ಎದುರಿಸಿ ನಿಲ್ಲುವ ಒಂದು ಶಕ್ತಿ ಕೈಗೆ ತಾಗುತ್ತದೆ. ಇಡೀ ವಸ್ತು ಮೊದಲು ಕಾಣುವುದು ಕಣ್ಣಿಗಲ್ಲ, ತಪ್ಪಾದ ಭಾಗವನ್ನು ಒಪ್ಪದಿರುವ ಪ್ರತಿರೋಧವಾಗಿ ಕೈಗೆ. ರಥ ಬರಿಯ ಹೆಸರಾಗಿದ್ದರೆ ಹೆಸರನ್ನು ಹೇಗೆ ಬೇಕಾದರೂ ಬಳಸಬಹುದಿತ್ತು. ಭಾಗಗಳನ್ನು ಹೇಗೆ ಬೇಕಾದರೂ ಕೂಡಿಸಲು ಆಗದೆಂಬುದು ಹೆಸರಿನ ಆಚೆಗೆ ಏನೋ ಇದೆ ಎಂಬುದಕ್ಕೆ ನೈಯಾಯಿಕರ ಎಳೆತದ ವಾದಕ್ಕಿಂತ ಬಲವಾದ ಸಾಕ್ಷ್ಯ. ಈ ಪ್ರತಿರೋಧ ಅಚ್ಚನ್ನು ರೂಪಿಸಿದ ಶಿಲ್ಪಿಯ ಬುದ್ಧಿಯಿಂದ ಬಂದದ್ದಲ್ಲವೇ ಎಂದು ಬೌದ್ಧರು ಕೇಳಬಹುದು. ಹೌದು, ಆದರೆ ಆ ಶಿಲ್ಪಿಯೂ ಮನಸ್ಸಿಗೆ ಬಂದಂತೆ ರೂಪಿಸಲಿಲ್ಲ, ಆತನನ್ನೂ ಒಂದು ಮೂಲ ತಡೆದು ನಿಲ್ಲಿಸಿತ್ತು.

ಆ ಮೂಲ ಯಾವುದೆಂಬುದು ಈ ಬಗೆಯ ಕಾರಿನ ವಿಷಯದಲ್ಲಿ ಅಂದುಕೊಂಡಷ್ಟು ಸುಲಭವಾಗಿ ಸಿಗುವುದಿಲ್ಲ, ಮತ್ತು ಇಲ್ಲಿಯೇ ವಿಷಯ ನಿಜವಾಗಿ ಆಳವಾಗುತ್ತದೆ. ಪ್ಲೇಟೊ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಮೂರು ಮಂಚಗಳನ್ನು ಹೇಳುತ್ತಾನೆ: ಮಂಚದ ಶಾಶ್ವತ ರೂಪ, ಅದನ್ನು ನೋಡಿ ಬಡಗಿ ಮಾಡಿದ ಮಂಚ, ಬಡಗಿಯ ಮಂಚವನ್ನು ನೋಡಿ ಚಿತ್ರಕಾರ ಬರೆದ ಮಂಚ. ಮೇಲಿನಿಂದ ಕೆಳಕ್ಕೆ ಇಳಿಯುವ ಈ ಮೆಟ್ಟಿಲುಗಳಲ್ಲಿ ಮಾದರಿ ಕಾರಿಗೆ ಕೊನೆಯ ಮೆಟ್ಟಿಲೇ ದಕ್ಕಬೇಕು. ಆದರೆ ಗ್ರೂಪ್ ಎ ಕಾರಿನಲ್ಲಿ ಮೆಟ್ಟಿಲುಗಳು ತಿರುವುಮುರುವಾಗಿವೆ. ಆ ವರ್ಗದಲ್ಲಿ ಸ್ಪರ್ಧಿಸಬೇಕಾದರೆ ಕಂಪನಿಯು ಆ ಕಾರನ್ನು ಹನ್ನೆರಡು ತಿಂಗಳಲ್ಲಿ ಕನಿಷ್ಠ 5,000 ಸಂಖ್ಯೆಯಲ್ಲಿ ತಯಾರಿಸಿರಬೇಕಿತ್ತು. ಅದರ ಮೇಲೆ ರೇಸಿಗೆ ಬೇಕಾದ ಸುಧಾರಣೆಗಳಿದ್ದರೆ ಅವುಗಳನ್ನು ಹೊತ್ತ ಇನ್ನೂ 500 ಕಾರುಗಳನ್ನು ಮಾಡಬೇಕಿತ್ತು. ಈ ಒಪ್ಪಿಗೆಯ ವಿಧಾನಕ್ಕೆ ಹೋಮಲೊಗೇಶನ್ ಎಂದು ಹೆಸರು. ಗ್ರೀಕ್ ಮೂಲದ ಆ ಶಬ್ದದ ಅರ್ಥವೇ ಸಮ್ಮತಿ. ನಿಸ್ಸಾನ್ 1990ರಲ್ಲಿ ನಿಸ್ಮೊ ಎಂಬ ಹೆಸರಿನ 560 ಜಿಟಿ-ಆರ್ ಕಾರುಗಳನ್ನು ಮಾಡಿ, 500ನ್ನು ಮಾರಿ, 60ನ್ನು ರೇಸಿಗಾಗಿ ಇಟ್ಟುಕೊಂಡಿತು. ಅವುಗಳಲ್ಲಿ ಹಿಂದಿನ ಗಾಜಿನ ವೈಪರ್ ಇರಲಿಲ್ಲ, ಗಾಲಿಗಳು ಸಿಕ್ಕಿಕೊಳ್ಳದಂತೆ ಕಾಯುವ ಎಬಿಎಸ್ ಬ್ರೇಕು ಇರಲಿಲ್ಲ, ಮುಂದಿನ ಬಂಪರಿನಲ್ಲಿ ಗಾಳಿ ನುಗ್ಗಲು ಹೆಚ್ಚಿನ ಕಂಡಿಗಳಿದ್ದವು. ರಸ್ತೆಯಲ್ಲಿ ಓಡಾಡುವವರಿಗೆ ಈ ಬದಲಾವಣೆಗಳು ಬೇಕಿರಲಿಲ್ಲ. ರೇಸ್ ಕಾರಿಗೆ ಬೇಕಿತ್ತು. ಎಂದರೆ ರೇಸ್ ಕಾರು ರಸ್ತೆಯ ಕಾರಿನ ಪ್ರತಿರೂಪವೆಂದು ನಿಯಮ ಹೇಳುತ್ತದೆ, ಆದರೆ ವಾಸ್ತವದಲ್ಲಿ ರಸ್ತೆಯ ಕಾರೇ ಇನ್ನೂ ಹುಟ್ಟದ ರೇಸ್ ಕಾರಿನ ಪ್ರತಿರೂಪವಾಗಿ ಹುಟ್ಟಿತು.

ಎಂಜಿನ್ನಿನ ಗಾತ್ರವೂ ಹೀಗೆಯೇ ನಿಯಮದ ಕೂಸು. 2,568 ಸಿಸಿ ಎಂಬುದು ಸುಮ್ಮನೆ ಬಂದ ಅಂಕಿಯಲ್ಲ. ಟರ್ಬೊ, ಎಂದರೆ ಹೊಗೆಯ ಒತ್ತಡದಿಂದಲೇ ತಿರುಗಿ ಹೆಚ್ಚು ಗಾಳಿ ತುಂಬುವ ಸಾಧನ, ಇರುವ ಎಂಜಿನ್ನಿನ ಗಾತ್ರವನ್ನು ನಿಯಮಗಳು 1.7ರಿಂದ ಗುಣಿಸಿ ಲೆಕ್ಕ ಹಾಕುತ್ತಿದ್ದವು, ಆಗ ಅದು ಸುಮಾರು 4,366 ಸಿಸಿ ಆಗಿ 4,500ರ ಮಿತಿಯೊಳಗೆ ಉಳಿಯುತ್ತದೆ. ಇಲ್ಲಿ ಶಾಶ್ವತ ರೂಪದ ಸ್ಥಾನದಲ್ಲಿ ಕುಳಿತಿರುವುದು ಒಂದು ಕಾಗದ: ಅಳತೆಗಳನ್ನೂ ಭಾಗಗಳನ್ನೂ ದಾಖಲಿಸಿ ‘ಈ ಕಾರು ಎಂದರೆ ಇದು’ ಎಂದು ಹೇಳುವ ಸಮ್ಮತಿಪತ್ರ.

ಮೂಲವನ್ನು ಟ್ರ್ಯಾಕಿನ ಮೇಲಿದ್ದ ಆ ಒಂದು ಕಾರಿನಲ್ಲಿ ಹುಡುಕಿದರೂ ಸಮಾಧಾನ ಸಿಗುವುದಿಲ್ಲ. ರೇಸ್ ಕಾರಿನ ಟೈರು ಒಂದೇ ಸ್ಪರ್ಧೆಯೊಳಗೆ ಹಲವು ಸಲ ಬದಲಾಗುತ್ತದೆ, ಎಂಜಿನ್ನೂ ಗೇರ್‌ಬಾಕ್ಸೂ ಸ್ಪರ್ಧೆಗಳ ನಡುವೆ ಬದಲಾಗುತ್ತವೆ, ಜಜ್ಜಿಹೋದ ಬಾಡಿಯ ಜಾಗಕ್ಕೆ ಹೊಸ ಬಾಡಿ ಬಂದು ಅದೇ ಬಣ್ಣ, ಅದೇ ಸಂಖ್ಯೆ ಹೊರುತ್ತದೆ. ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಥೀಸಿಯಸ್‌ನ ಹಡಗಿನ ಬಗ್ಗೆ ಪ್ಲುಟಾರ್ಕ್ ದಾಖಲಿಸಿದ ಹಳೆಯ ಸಮಸ್ಯೆ ಪ್ರತಿ ಪಿಟ್ಟಿನಲ್ಲಿಯೂ, ಎಂದರೆ ರೇಸಿನ ನಡುವೆ ಕಾರನ್ನು ದುರಸ್ತಿ ಮಾಡುವ ಅಂಕಣದಲ್ಲಿಯೂ, ನಿತ್ಯದ ಕೆಲಸವಾಗಿದೆ. ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ 1992ರಲ್ಲಿ ನಡೆದದ್ದು ಇದಕ್ಕೂ ವಿಚಿತ್ರ. ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ಅವರ ಜಿಟಿ-ಆರ್ ಮುಂದಿತ್ತು. ಮಳೆ ಸುರಿದು ಹಲವು ಕಾರುಗಳು ಜಾರಿ ಡಿಕ್ಕಿ ಹೊಡೆದವು, ಅವುಗಳಲ್ಲಿ ಮುಂದಿದ್ದ ಆ ಕಾರೂ ಒಂದು. ಸ್ಪರ್ಧೆಯನ್ನು ನಿಲ್ಲಿಸಿ, ಹಿಂದಿನ ಸುತ್ತಿನ ಸ್ಥಾನಗಳಂತೆ ಫಲಿತಾಂಶವನ್ನು ಘೋಷಿಸಿದಾಗ ಒಡೆದು ನಿಂತ ಕಾರೇ ವಿಜೇತವಾಯಿತು. ಆ ಗೆಲುವಿನ ಮಾದರಿಯನ್ನು ಮಾಡುವವರು ಜಜ್ಜಿದ ಕಾರನ್ನು ಮಾಡಬೇಕೋ, ಇಡಿಯಾದ ಕಾರನ್ನು ಮಾಡಬೇಕೋ? ಗೆದ್ದದ್ದು ಯಾವುದು? ಗೆದ್ದ ಕ್ಷಣದಲ್ಲಿ ಅದು ಗೆದ್ದಿತೆಂದು ಯಾರಿಗೂ ಗೊತ್ತಿರಲಿಲ್ಲ. ಬೌದ್ಧರ ಕ್ಷಣಭಂಗವಾದ, ಎಂದರೆ ಪ್ರತಿ ವಸ್ತುವೂ ಒಂದು ಕ್ಷಣ ಮಾತ್ರ ಇದ್ದು ಮರುಕ್ಷಣ ತನ್ನಂಥದೇ ಇನ್ನೊಂದಕ್ಕೆ ಜಾಗ ಕೊಡುತ್ತದೆಂಬ ಮತ, ಇಲ್ಲಿ ಹೆಚ್ಚು ಒಪ್ಪುವಂತೆ ಕಾಣುತ್ತದೆ. ಮಾದರಿಯು ಹಿಡಿಯಲೆಳಸುವುದು ಒಂದು ವಸ್ತುವನ್ನಲ್ಲ, ಒಂದು ಧಾರೆಯಲ್ಲಿನ ಒಂದು ದಿನವನ್ನು.

ವಸ್ತುವಿನಲ್ಲಿ ಮೂಲ ನಿಲ್ಲದಿದ್ದರೆ ಅಳತೆಯಲ್ಲಿ ನಿಂತೀತೇ ಎಂದು ಕೇಳಬಹುದು. ‘ಪ್ರತಿಮೆ’ ಎಂಬ ಶಬ್ದದಲ್ಲಿಯೇ ಅಳೆಯುವುದೆಂಬ ಅರ್ಥದ ‘ಮಾ’ ಧಾತುವಿದೆ. ಪ್ರತಿಮೆ ಎಂದರೆ ಎದುರಿಗಿಟ್ಟು ಅಳೆದದ್ದು. ಶಿಲ್ಪಶಾಸ್ತ್ರದ ತಾಳಮಾನ ಪದ್ಧತಿಯಲ್ಲಿ ಹನ್ನೆರಡು ಅಂಗುಲಕ್ಕೆ ಒಂದು ತಾಳ, ನವತಾಳದ ಮೂರ್ತಿಗೆ 108 ಅಂಗುಲ. ಆದರೆ ಈ ಅಂಗುಲ ಹೊರಗಿನ ಅಳತೆಗೋಲಿನದಲ್ಲ. ಮೂರ್ತಿಯ ಒಟ್ಟು ಎತ್ತರವನ್ನೇ ಭಾಗಿಸಿ ಪಡೆದ ದೇಹಾಂಗುಲ. ಅದರಿಂದಾಗಿ ಅಂಗೈಯಷ್ಟು ಮೂರ್ತಿಯೂ ಆಳೆತ್ತರದ ಮೂರ್ತಿಯೂ ಒಂದೇ ಪ್ರಮಾಣವನ್ನು ಹೊಂದಿ, ಯಾವುದೂ ಇನ್ನೊಂದರ ಕುಗ್ಗಿಸಿದ ನಕಲು ಆಗುವುದಿಲ್ಲ. ಕಿಟ್ಟಿನ 1/24 ಇದಕ್ಕಿಂತ ಬೇರೆ. ಅದು ಒಂದು ಅಡಿಗೆ ಅರ್ಧ ಇಂಚು ಎಂಬ ಬ್ರಿಟಿಷ್ ಅಳತೆಯಿಂದ ಬಂದದ್ದು, ಸದಾ ಹೊರಗಿನ ಮೂಲವೊಂದರ ಕಡೆಗೆ ಬೆರಳು ತೋರುವಂಥದ್ದು. 4,545 ಮಿಲಿಮೀಟರ್ ಉದ್ದದ ಕಾರು 189 ಮಿಲಿಮೀಟರ್ ಆಗುತ್ತದೆ, 1,755ರ ಅಗಲ 73 ಆಗುತ್ತದೆ.

ಆದರೂ ಅಳತೆಗೆ ಕಟ್ಟುಬಿದ್ದರೆ ಹೋಲಿಕೆಯೇ ತಪ್ಪಿಹೋಗುತ್ತದೆಂಬುದನ್ನು ಕೆಲಸ ಬಲ್ಲವರು ಬೇಗ ತಿಳಿಯುತ್ತಾರೆ. ನಿಜವಾದ ಕಾರಿನ ಬಾಗಿಲಿನ ಸುತ್ತ ನಾಲ್ಕು ಮಿಲಿಮೀಟರ್ ಸಂದಿದ್ದರೆ ಮಾದರಿಯಲ್ಲಿ ಅದು ಒಂದು ಮಿಲಿಮೀಟರಿನ ಆರನೆಯ ಒಂದು ಭಾಗ; ಅಷ್ಟೇ ಕೊರೆದರೆ ಮೊದಲ ಪದರದ ಬಣ್ಣಕ್ಕೆ ಮುಚ್ಚಿಹೋಗುತ್ತದೆ, ಆದ್ದರಿಂದ ಅಗಲವಾಗಿಯೇ ಕೊರೆಯಬೇಕು. ಮಾದರಿಯ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪದ ಬಣ್ಣ ನಿಜವಾದ ಕಾರಿಗೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ ಲೇಪವಾದಂತೆ. ಬಣ್ಣದೊಳಗಿನ ಲೋಹದ ಮಿನುಗು ಮಾತ್ರ ಕುಗ್ಗುವುದಿಲ್ಲ, ಬೆಳಕೂ ಕುಗ್ಗುವುದಿಲ್ಲ; ಅದೇ ನೀಲಿಯನ್ನು ಅಷ್ಟು ಚಿಕ್ಕ ಮೈಮೇಲೆ ಬಳಿದರೆ ಇನ್ನಷ್ಟು ಕಡುವಾಗಿ ಕಾಣುತ್ತದೆ. ತಾಮಿಯಾದ ಇತಿಹಾಸದಲ್ಲಿಯೇ ಇದರ ಎರಡು ತುದಿಗಳಿವೆ. ಆ ಕಂಪನಿಯನ್ನು ಬಹುಕಾಲ ನಡೆಸಿ 2025ರಲ್ಲಿ ತೀರಿಕೊಂಡ ಶುನ್ಸಾಕು ತಾಮಿಯಾ, ಪೋರ್ಶೆ 934 ರೇಸ್ ಕಾರಿನ ಮಾದರಿಯನ್ನು ಸಿದ್ಧಪಡಿಸುವಾಗ ಹೊರಗಿನಿಂದ ನೋಡಿ ತೃಪ್ತರಾಗದೆ, ನಿಜವಾದ ಪೋರ್ಶೆ 911 ಕಾರೊಂದನ್ನು ಕೊಂಡು ಬಿಚ್ಚಿ ನೋಡಿದರು. 1/12 ಪ್ರಮಾಣದ ಆ ಮಾದರಿ 1976ರಲ್ಲಿ ಹೊರಬಂತು. ಅದೇ ಕಂಪನಿ 1961ರಲ್ಲಿ ಟ್ಯಾಂಕಿನ ಮಾದರಿಗೆ ಆರಿಸಿಕೊಂಡ ಪ್ರಮಾಣ, ಮುಂದೆ ಲೋಕಕ್ಕೆಲ್ಲ ರೂಢಿಯಾದ 1/35, ಹುಟ್ಟಿದ್ದು ಒಳಗೆ ಮೋಟರೂ ಬ್ಯಾಟರಿಯೂ ಹಿಡಿಸಬೇಕೆಂಬ ಕಾರಣದಿಂದ. ಒಂದು ಕಡೆ ಮೂಲವನ್ನು ಬಿಚ್ಚಿಹಾಕುವಷ್ಟು ನಿಷ್ಠೆ, ಇನ್ನೊಂದು ಕಡೆ ಬ್ಯಾಟರಿಯ ಗಾತ್ರ ನಿರ್ಧರಿಸಿದ ಅಳತೆ. ಒಳ್ಳೆಯ ಮಾದರಿಗಳು ಎರಡರಿಂದಲೂ ಬಂದಿವೆ.

ಹೋಲಿಕೆಯ ಜ್ಞಾನವನ್ನು ಕುರಿತ ಎರಡನೆಯ ವಾದಕ್ಕೆ ಈಗ ಬರಬಹುದು. ಭರತನ ರಸಸೂತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಶ್ರೀಶಂಕುಕನ ಗ್ರಂಥ ಉಳಿದಿಲ್ಲ. ಆತನ ಮತ ತಿಳಿಯುವುದು ಮುಖ್ಯವಾಗಿ ಅಭಿನವಗುಪ್ತನ ‘ಅಭಿನವಭಾರತಿ’ಯಿಂದ. ರಂಗದ ಮೇಲಿನ ನಟನನ್ನು ನೋಡಿ ಪ್ರೇಕ್ಷಕರಿಗೆ ‘ಇವನು ರಾಮ’ ಎಂದು ತೋರುವುದು ಯಾವ ಜ್ಞಾನ ಎಂದು ಶಂಕುಕ ಕೇಳಿ, ಅದು ‘ಇವನೇ ರಾಮ’ ಎಂಬ ಸಮ್ಯಕ್ ಜ್ಞಾನವಲ್ಲ, ನಂತರ ಬಾಧಿತವಾಗುವ ಮಿಥ್ಯಾಜ್ಞಾನವಲ್ಲ, ‘ರಾಮನೋ ಅಲ್ಲವೋ’ ಎಂಬ ಸಂಶಯವಲ್ಲ, ‘ರಾಮನಂತಿದ್ದಾನೆ’ ಎಂಬ ಸಾದೃಶ್ಯಜ್ಞಾನವೂ ಅಲ್ಲ, ಈ ನಾಲ್ಕಕ್ಕೂ ಸೇರದ ಐದನೆಯದು ಎನ್ನುತ್ತಾನೆ. ಅದಕ್ಕೆ ಆತ ಕೊಡುವ ಉದಾಹರಣೆ ಚಿತ್ರದಲ್ಲಿನ ಕುದುರೆ. ಆದ್ದರಿಂದ ಅದು ಚಿತ್ರತುರಗನ್ಯಾಯವೆಂದು ಪ್ರಸಿದ್ಧವಾಯಿತು. ನೀಲಿ ಪ್ಲಾಸ್ಟಿಕ್ಕನ್ನು ತೋರಿಸಿ ‘ಇದು ಸ್ಕೈಲೈನ್’ ಎಂದಾಗ ಉಂಟಾಗುವ ಜ್ಞಾನವನ್ನು ಇಷ್ಟು ನಿಖರವಾಗಿ ವರ್ಣಿಸಿದ ಇನ್ನೊಂದು ಸಿದ್ಧಾಂತ ಸಿಗುವುದಿಲ್ಲ. ಅದನ್ನು ಯಾರೂ ಏರಿ ಹೊರಡಲೆತ್ನಿಸುವುದಿಲ್ಲ, ಸುಳ್ಳೆಂದು ಬಿಸಾಡುವುದೂ ಇಲ್ಲ.

ಅಭಿನವಗುಪ್ತನ ಗುರು ಭಟ್ಟತೌತ ಇದನ್ನು ಖಂಡಿಸಿದ, ಮತ್ತು ಆತನ ಖಂಡನೆ ಈ ಚರ್ಚೆಯ ಮರ್ಮಕ್ಕೇ ತಾಗುತ್ತದೆ. ಸಿಂಧೂರ ಮೊದಲಾದ ಬಣ್ಣಗಳಿಂದ ಬರೆದ ಹಸುವಿನಲ್ಲಿ, ದೀಪ ಹಚ್ಚಿದಾಗ ಕತ್ತಲೆಯಲ್ಲಿದ್ದ ವಸ್ತು ಕಾಣುವಂತೆ, ನಿಜವಾದ ಹಸುವೇನೂ ಪ್ರಕಟವಾಗುವುದಿಲ್ಲ; ಹಸುವಿನ ಅವಯವಗಳ ಸನ್ನಿವೇಶವನ್ನು ಹೋಲುವ ಸನ್ನಿವೇಶದಲ್ಲಿ ಬಣ್ಣಗಳು ನಿಂತಿವೆ, ‘ಹಸುವಿನಂತಿದೆ’ ಎಂಬ ತೋರಿಕೆಗೆ ವಿಷಯವಾಗುವುದು ಅಷ್ಟೇ ಎಂಬುದು ಆ ಖಂಡನೆಯ ಸಾರ. ಸನ್ನಿವೇಶ ಎಂಬ ಶಬ್ದವನ್ನು ಇಂದಿನ ಕನ್ನಡದ ಸಂದರ್ಭ ಎಂಬ ಅರ್ಥದಲ್ಲಲ್ಲ, ಭಾಗಗಳು ಪರಸ್ಪರ ನೆಲೆಗೊಂಡಿರುವ ಬಗೆ ಎಂಬ ಶಾಸ್ತ್ರದ ಅರ್ಥದಲ್ಲಿ ತೆಗೆದುಕೊಳ್ಳಬೇಕು. ರಥದ ವಾದದಲ್ಲಿ ಅಂಟಿಗೂ ಹೆಸರಿಗೂ ಸಿಗದೆ ಉಳಿದದ್ದು ಈ ಸನ್ನಿವೇಶವೇ. ಹೋಮಲೊಗೇಶನ್ ಕಾಗದ ದಾಖಲಿಸುವುದೂ ಇದನ್ನೇ, ಎಂಜಿನ್ ಬದಲಾದ ಮೇಲೂ ಉಳಿಯುವುದೂ ಇದೇ, ಲೋಹದಿಂದ ಪಾಲಿಸ್ಟೈರೀನಿಗೆ ದಾಟಿ ಬರಬಲ್ಲದ್ದೂ ಇದೊಂದೇ. ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥಕ್ಕೂ ಮರದ ರಥದಿಂದ ದಾಟಿ ಬಂದದ್ದು ಸನ್ನಿವೇಶವೇ. ಆದರೆ ಅದು ಗರುಡನ ಗುಡಿಯಾಗಿ ಕಟ್ಟಿದ್ದು, ರಥವಾಗಿ ಓಡದಿದ್ದರೂ ಗುಡಿಯಾಗಿ ನಿಜವಾದದ್ದು, ಆದ್ದರಿಂದ ಅದನ್ನು ಮಾದರಿ ಎನ್ನಲಾಗದು.

ಆದರೂ ಶಂಕುಕನೂ ತೌತನೂ ಒಂದು ಸ್ಥಾನದಿಂದ ಮಾತ್ರ ಮಾತನಾಡಿದ್ದಾರೆಂಬುದನ್ನು ಹೇಳಲೇಬೇಕು. ಅವರ ಚಿತ್ರವನ್ನು ನೋಡುವವನಿದ್ದಾನೆ; ಬರೆಯುವವನ ಜ್ಞಾನವನ್ನು ಈ ವಾದದಲ್ಲಿ ಅವರು ಕೇಳಲಿಲ್ಲ. ಕಟ್ಟುವವನಿಗೆ ಸನ್ನಿವೇಶ ಒಮ್ಮೆಗೇ ತೋರುವ ರೂಪವಲ್ಲ, ಕ್ರಮವಾಗಿ ತಿಳಿಯುವ ಕಾರಣಗಳ ಸರಣಿ: ಪಂಜರದ ಕೊಳವೆ ಅಲ್ಲಿ ಅಡ್ಡಬರುವುದೇಕೆ, ರಸ್ತೆಯ ಕಾರಿನಲ್ಲಿ ಹಿಂದಿನ ಆಸನವಿದ್ದ ಜಾಗ ಬರಿದಾಗಿರುವುದೇಕೆ, ಗಾಲಿಯ ಹಿಂದೆ ಅಷ್ಟು ದೊಡ್ಡ ಬ್ರೇಕಿನ ತಟ್ಟೆಯೇಕೆ ಎಂಬುದು ಅವನ್ನು ಇಡುವ ಸರದಿಯಲ್ಲಿಯೇ ಅರ್ಥವಾಗುತ್ತದೆ. ನೋಡುವವನು ‘ಅದರಂತಿದೆ’ ಎನ್ನುವಲ್ಲಿ ಕಟ್ಟುವವನು ‘ಹೀಗೆಯೇ ಇರಬೇಕು’ ಎನ್ನಬಲ್ಲ. ಇದು ಸಾದೃಶ್ಯದ ಜ್ಞಾನವಲ್ಲ, ಯುಕ್ತತೆಯ ಜ್ಞಾನ. ಮೂಲ ಕಾರನ್ನು ಎಂದೂ ಕಾಣದವರಿಗೂ ಇದು ಸಾಧ್ಯ, ನೂರು ಸಲ ಕಂಡವರಿಗೂ ಕಟ್ಟದೆ ಸಾಧ್ಯವಿಲ್ಲ. ಹಲವು ಕಿಟ್‌ಗಳಲ್ಲಿ ಬಾನೆಟ್ ತೆರೆಯುವುದಿಲ್ಲ, ಬಾಡಿ ಕೂಡಿಸಿದ ಮೇಲೆ ಪಂಜರವೂ ಆಸನದ ಪಟ್ಟಿಗಳೂ ಅರೆಬೆಳಕಿನಲ್ಲಿ ಮಸುಕಾಗುತ್ತವೆ. ಆದರೂ ಆ ಪಟ್ಟಿಗಳ ಕೊಂಡಿಗಳಿಗೆ ಕೂದಲಿನಷ್ಟು ಸಣ್ಣ ಕುಂಚದಿಂದ ಬೆಳ್ಳಿಯ ಬಣ್ಣ ತಾಗಿಸುವವರಿದ್ದಾರೆ. ನೋಡುವವನನ್ನೇ ಲೆಕ್ಕಕ್ಕೆ ಹಿಡಿದರೆ ಈ ಶ್ರಮಕ್ಕೆ ಅರ್ಥವಿಲ್ಲ. ಕಟ್ಟುವವನ ಜ್ಞಾನಕ್ಕೆ ಕಾಣದ ಭಾಗವೆಂಬುದಿಲ್ಲ ಎಂದು ಒಪ್ಪಿದರೆ ಅದಕ್ಕಿಂತ ಸಹಜವಾದದ್ದು ಇನ್ನೊಂದಿಲ್ಲ.

ಬಣ್ಣ ಒಣಗಿದ ಮೇಲೆ ಬರುವುದು ಡೀಕಾಲ್‌ಗಳ ಕೆಲಸ. ಡೀಕಾಲ್ ಎಂದರೆ ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರಿ ಬರುವ, ಅಕ್ಷರಗಳನ್ನು ಮುದ್ರಿಸಿದ ತೆಳ್ಳನೆಯ ಪೊರೆ. ಅಲ್ಲಿಯವರೆಗೆ ಮಾದರಿ ಯಾವುದೋ ಒಂದು ನೀಲಿ ಜಿಟಿ-ಆರ್. ಬಾಗಿಲಿನ ಮೇಲೆ 12 ಎಂಬ ಅಂಕಿ ಕೂತಾಗ ಅದು 1990ರ ಆ ಒಂದು ಕಾರಾಗುತ್ತದೆ. ಮೂರ್ತಿಗೆ ಕೊನೆಯಲ್ಲಿ ಕಣ್ಣು ತೆರೆಸುವ ನೇತ್ರೋನ್ಮೀಲನ ವಿಧಿಯ ನೆನಪು ಇಲ್ಲಿ ಬರುವುದು ಸಹಜ, ಆದರೆ ಎರಡನ್ನೂ ಒಂದೆನ್ನುವುದು ಸರಿಯಲ್ಲ: ಅಲ್ಲಿ ಆವಾಹನೆಯಿದೆ, ದೇವತೆ ಆ ರೂಪಕ್ಕೆ ಬಂದು ನೆಲೆಸಬೇಕೆಂಬ ಪ್ರಾರ್ಥನೆಯಿದೆ, ಪೂಜೆ ಮುಗಿದ ಮೇಲೆ ಕೆಲವು ಮೂರ್ತಿಗಳಿಗೆ ವಿಸರ್ಜನೆಯೂ ಇದೆ, ಮಾದರಿ ಯಾರನ್ನೂ ಕರೆಯುವುದಿಲ್ಲ. ಮೂರ್ತಿಯಲ್ಲಿ ಗುರುತು ಸಾನ್ನಿಧ್ಯಕ್ಕೆ ಬಾಗಿಲಾದರೆ, ಮಾದರಿಯಲ್ಲಿ ಗುರುತು ಗೈರುಹಾಜರಿಗೆ ಹೆಸರು ಕೊಡುತ್ತದೆ. ತಂಬಾಕಿನ ಜಾಹೀರಾತು ನಿಷಿದ್ಧವಾದ ಮೇಲೆ ಹಳೆಯ ರೇಸ್ ಕಾರುಗಳ ಹಲವು ಕಿಟ್‌ಗಳಲ್ಲಿ ಸಿಗರೇಟು ಕಂಪನಿಯ ಹೆಸರಿದ್ದ ಜಾಗ ಖಾಲಿ ಉಳಿಯಿತು. ಬಾಥರ್ಸ್ಟ್‌ನಲ್ಲಿ 1992ರಲ್ಲಿ ಗೆದ್ದ ಕಾರೂ ಅಂಥ ಹೆಸರನ್ನೇ ಹೊತ್ತಿತ್ತು. ಸನ್ನಿವೇಶವೆಲ್ಲ ಸರಿಯಿದ್ದು ಒಂದು ಶಬ್ದ ಮಾತ್ರ ಇಲ್ಲದಿದ್ದಾಗ ‘ಇದು ಅದೇ’ ಎಂಬ ಮಾತು ನಾಲಿಗೆಯ ತುದಿಯಲ್ಲಿ ತಡೆಯುತ್ತದೆ. ಹೆಸರಿಗೆ ನಾಗಸೇನ ಕೊಟ್ಟ ಪ್ರಾಧಾನ್ಯ ಆ ತಡೆಯಲ್ಲಿ ಮರಳಿ ಬರುತ್ತದೆ.

ನ್ಯಾಯ ವೈಶೇಷಿಕರು ಅಭಾವವನ್ನೂ, ಎಂದರೆ ಇಲ್ಲದಿರುವಿಕೆಯನ್ನೂ, ಒಂದು ಪದಾರ್ಥವೆಂದು ಎಣಿಸಿದರು. ವಸ್ತು ಹುಟ್ಟುವ ಮೊದಲು ಅದರ ಕಾರಣವಾದ ಭಾಗಗಳಲ್ಲಿರುವ ಇಲ್ಲದಿರುವಿಕೆ ಪ್ರಾಗಭಾವ; ಅದಕ್ಕೆ ಆದಿಯಿಲ್ಲ, ಆದರೆ ವಸ್ತು ಹುಟ್ಟಿದ ಕ್ಷಣದಲ್ಲಿ ಅಂತ್ಯವಿದೆ. ಪೆಟ್ಟಿಗೆಯನ್ನು ತೆರೆದಾಗ ಚೌಕಟ್ಟುಗಳಲ್ಲಿ ಇದ್ದದ್ದು ಈ ಅರ್ಥದಲ್ಲಿ ಆ ಕಾರಿನ ಪ್ರಾಗಭಾವ, ಬಾಡಿ ಚಾಸಿಯ ಮೇಲೆ ಕೂತಾಗ ಕೊನೆಗೊಂಡದ್ದೂ ಅದೇ. ಆದರೆ ಕಿಟ್ ಕಟ್ಟಿ ಮುಗಿದ ಮೇಲೂ ಸ್ಪ್ರೂಗಳು ಪೂರ್ತಿ ಖಾಲಿಯಾಗಿರುವುದಿಲ್ಲ. ರಸ್ತೆಯ ಕಾರಿಗಾಗಿ ಮಾಡಿದ ಅಚ್ಚುಗಳನ್ನೇ ಬಳಸಿಕೊಂಡು ರೇಸ್ ಕಾರಿನ ಕಿಟ್ ಮಾಡುವುದು ತಯಾರಕರಲ್ಲಿ ಸಾಮಾನ್ಯ; ಹಾಗಾದಾಗ ರಸ್ತೆಯ ಕಾರಿಗೆ ಬೇಕಿದ್ದು ರೇಸ್ ಕಾರಿಗೆ ಬೇಡವಾದ ಭಾಗಗಳೂ ಅದೇ ಜಾಲದಲ್ಲಿ ಮೂಡಿ ಬಂದಿರುತ್ತವೆ, ಮತ್ತು ಜೋಡಣೆಯ ಸೂಚನಾಪತ್ರ ಅವುಗಳ ಸಂಖ್ಯೆಗಳನ್ನು ಬಳಸಬೇಕಾಗಿಲ್ಲವೆಂದು ಗುರುತಿಸಿರುತ್ತದೆ. ಅವು ಯಾವ ಕಾರಿನ ಅವಯವಗಳು ಎಂದು ಹೇಳಲು ನೈಯಾಯಿಕರಿಗೆ ಅವಯವಿ ಬೇಕು, ಅದು ಹುಟ್ಟಿಲ್ಲ. ಬೌದ್ಧರಿಗೆ ಹೆಸರು ಬೇಕು, ಕಾಗದದಲ್ಲಿ ಅವಕ್ಕೆ ಸಂಖ್ಯೆ ಮಾತ್ರ ಇದೆ. ಅವುಗಳನ್ನು ಎಸೆಯದೆ ಬೇರೆ ಡಬ್ಬಿಯಲ್ಲಿ ಕೂಡಿಡುವ ರೂಢಿ ಕಟ್ಟುವವರಲ್ಲಿ ವ್ಯಾಪಕವಾಗಿದೆ.